ಆಳಿಗೆ ಆಳು

ಗಂಜಿ ಹಚ್ಚಿದ ಹಾಸು ಯಾರನ್ನೂ ಕಾಯುವುದಿಲ್ಲ. ಸೀರೆಯ ಉದ್ದದ ಎಳೆಗಳನ್ನೆಲ್ಲ ಬೀದಿಯುದ್ದಕ್ಕೆ ಹರವಿ, ಎರಡೂ ತುದಿಗೆ ಬಿಗಿದು, ಬಿಸಿಲು ಬಲಿಯುವುದರೊಳಗೆ ಜೋಳದ ಗಂಜಿ ಹಚ್ಚಿ ಮುಗಿಸಬೇಕು. ಹಚ್ಚುವವರ ಹಿಂದೆಯೇ ಎರಡೂ ಮಗ್ಗುಲಿಂದ ಕುಂಚ ಎಳೆಯುವವರು ನಡೆಯಬೇಕು. ಇಲ್ಲವಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಸು ಕೆಡುತ್ತದೆ. ಗಂಜಿ ಕುಡಿಯದ ಎಳೆ ಮಗ್ಗದ ಪೆಟ್ಟು ತಾಳುವುದಿಲ್ಲ, ಮೊದಲ ಗೇಣಿನಲ್ಲೇ ಹರಿಯುತ್ತದೆ. ಅರವತ್ತು ಮೊಳದ ಹಾಸೊಂದಕ್ಕೆ ಎಂಟು ಜನ ಬೇಕು. ಯಾವ ಮನೆಯಲ್ಲೂ ಮಗ್ಗದ ಕೆಲಸ ಬಲ್ಲ ಎಂಟು ಜನ ಇರುವುದಿಲ್ಲ.

ಅದಕ್ಕೇ ನಮ್ಮ ಓಣಿಯಲ್ಲಿ ಆಳಿಗೆ ಆಳು. ನಿಮ್ಮ ಹಾಸಿನ ದಿನ ನಮ್ಮ ಮನೆಯಿಂದ ಒಬ್ಬ, ನಮ್ಮ ಹಾಸಿನ ದಿನ ನಿಮ್ಮ ಮನೆಯಿಂದ ಒಬ್ಬ. ಕೂಲಿಯಿಲ್ಲ, ಬರಹವಿಲ್ಲ. ಆಳು ಕಳಿಸದ ಮನೆಗೆ ಆಳು ಹೋಗುವುದಿಲ್ಲ. ಈ ಒಂದು ಮಾತಿನ ಮೇಲೆ ಹನ್ನೊಂದು ಮಗ್ಗಗಳು ನನ್ನ ಅಜ್ಜನ ಕಾಲದಿಂದ ನಡೆದುಕೊಂಡು ಬಂದಿದ್ದವು.

ನಮ್ಮೂರನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ಬಸವಕಲ್ಯಾಣವೆಂದು ಹೆಸರಾದದ್ದು ಆಮೇಲೆ. ಕೋಟೆಯ ಬೆನ್ನಿಗಿದ್ದ ನಮ್ಮ ಓಣಿಯಲ್ಲಿ ಏಳು ಮಗ್ಗ ನಮ್ಮವರವು, ನಾಲ್ಕು ಮುಸಲ್ಮಾನ ನೇಕಾರರಾದ ಮೋಮಿನರವು. ನಾನು ಹೇಳುತ್ತಿರುವುದು ನಲವತ್ತೊಂಬತ್ತರ ಚಳಿಗಾಲದ ಮಾತು. ಅಷ್ಟರಲ್ಲಿ ಎರಡು ಕೆಟ್ಟ ಕಾಲಗಳು ಒಂದರ ಬೆನ್ನಿಗೊಂದು ಬಂದು ಹೋಗಿದ್ದವು. ಮೊದಲು ರಜಾಕಾರರು ನಿಜಾಮನ ಹೆಸರಿನಲ್ಲಿ ಬಂದೂಕು ಹಿಡಿದು ತಿರುಗಿದ ತಿಂಗಳುಗಳು. ಆಗ ಜಿಜಾಬಾಯಿಯ ಗಂಡ ಹುಲಸೂರಿನ ದಾರಿಯಲ್ಲಿ ಅವರ ಕೈಗೆ ಸಿಕ್ಕು ಸತ್ತ. ಆಮೇಲೆ ದಿಲ್ಲಿಯ ಸೈನ್ಯ ಬಂತು, ನಿಜಾಮಶಾಹಿ ಬಿತ್ತು, ಸೇಡಿನ ಕೆಲವು ವಾರಗಳು ನಡೆದವು. ಆಗ ವಜೀರಬಿಯ ಒಬ್ಬನೇ ಮಗ ಸಲಾವುದ್ದೀನ್ ಸೀರೆಯ ಗಂಟು ಹೊತ್ತು ಹುಮನಾಬಾದಿಗೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಉಳಿದ ಮೂರು ಮೋಮಿನ ಮನೆಯವರು ಬಾಗಿಲಿಗೆ ಬೀಗ ಹಾಕಿ ಹೈದರಾಬಾದಿಗೆ ಹೋದರು.

ಜಿಜಾಬಾಯಿಯ ಬಾಗಿಲೂ ವಜೀರಬಿಯ ಬಾಗಿಲೂ ಎದುರುಬದುರು. ಸಲಾವುದ್ದೀನ್ ಎರಡು ತಿಂಗಳು ರಜಾಕಾರರ ಖಾಕಿ ತೊಟ್ಟು ಕೋಟೆಯ ಬಯಲಿನಲ್ಲಿ ಕವಾಯತು ಮಾಡಿದ್ದನ್ನು ಇಡೀ ಓಣಿ ನೋಡಿತ್ತು. ತಾನಾಗಿ ಹೋದನೋ, ಎಳೆದೊಯ್ದರೋ, ಯಾರೂ ಕೇಳಿರಲಿಲ್ಲ. ಆ ಎರಡು ಸಾವುಗಳ ಮೇಲೆ ಓಣಿ ಮಾತಿಲ್ಲದೆ ಹದಿನೈದು ತಿಂಗಳು ಕೂತಿತ್ತು. ಇಬ್ಬರು ಹೆಂಗಸರೂ ಬೆಳಿಗ್ಗೆ ಒಂದೇ ಹೊತ್ತಿಗೆ ಬಾಗಿಲು ತೆರೆದು, ಒಬ್ಬರನ್ನೊಬ್ಬರು ನೋಡದೆ ಹೊಸ್ತಿಲೊಳಗಿನ ಕಸ ಗುಡಿಸುತ್ತಿದ್ದರು.

ನಾನು ಮಗ್ಗದ ಶರಣಪ್ಪನ ಮಗ ವೈಜಿನಾಥ. ಹೈದರಾಬಾದಿನಲ್ಲಿ ಬಿ.ಎ. ಓದುವಾಗ ಸಮಾಜವಾದದ ಗೆಳೆಯರ ಕೂಟವೊಂದರಲ್ಲಿದ್ದೆ. ಎಲ್ಲರೂ ಸಮನಾಗಿ ಬಾಳುವ ಲೋಕ ಬರಬೇಕೆಂಬುದರಲ್ಲಿ ನಮಗೆ ಜಗಳವಿರಲಿಲ್ಲ. ಹೇಗೆ ಬರಬೇಕೆಂಬುದರಲ್ಲಿ ಕೂಟ ಒಡೆಯಿತು. ಕೆಲವರು ಬಂದೂಕು ಹಿಡಿಯಲು, ರೈತರ ದಂಗೆ ನಡೆದಿದ್ದ ನಲಗೊಂಡದ ಕಡೆ ಹೊರಟರು. ಹೆದರಿಸಿ ಸಮ ಮಾಡಿದ್ದು ಹೆದರಿಕೆ ಹೋದ ದಿನ ಮತ್ತೆ ಏರುಪೇರಾಗುತ್ತದೆ ಎಂದು ನಾನು ವಾದಿಸಿದೆ. "ಹಾಗಾದರೆ ಬಂದೂಕಿಲ್ಲದೆ ಮಾಡಿ ತೋರಿಸು" ಎಂದ ಒಬ್ಬ ಗೆಳೆಯ. ಪುಸ್ತಕದ ಟ್ರಂಕು ಹೊತ್ತು ಊರಿಗೆ ಬಂದೆ. ಓಣಿಯವರು ನನ್ನನ್ನು ಬಿ.ಎ. ಸಾಹೇಬ ಎಂದು ಕರೆಯತೊಡಗಿದರು. ಅಪ್ಪ ಮಾತ್ರ ಏನೂ ಕರೆಯಲಿಲ್ಲ. ಅಪ್ಪ ಯಾವುದಕ್ಕೂ ಹೆಚ್ಚು ಮಾತಾಡಿದವನಲ್ಲ.

ಎಳ್ಳಮಾವಾಸ್ಯೆಗೆ ಎರಡು ವಾರವಿದ್ದಾಗ ಹುಮನಾಬಾದಿನ ನೂಲಿನ ಸಾಹುಕಾರ ಬಂಡೆಪ್ಪ ನಮ್ಮ ಕಟ್ಟೆಗೆ ಬಂದು ಕೂತ. ಕೆಟ್ಟ ಮನುಷ್ಯನಾಗಿದ್ದರೆ ಅವನ ಎದುರು ನಿಲ್ಲುವುದು ನನಗೆ ಸುಲಭವಾಗುತ್ತಿತ್ತು. ಸೇಡಿನ ವಾರಗಳಲ್ಲಿ ತನ್ನ ಗೋದಾಮಿನಲ್ಲಿ ಎರಡು ಮುಸಲ್ಮಾನ ಕುಟುಂಬಗಳನ್ನು ಅಡಗಿಸಿಟ್ಟು ಕಾಪಾಡಿದವನು ಅವನು.

"ಶರಣಪ್ಪಣ್ಣಾ, ಹುಮನಾಬಾದಿನಾಗ ದೊಡ್ಡ ಪತ್ರಾಸಿನ ಶೆಡ್ಡು ಹಾಕ್ಸೀನಿ" ಎಂದ. "ಸೊಲ್ಲಾಪುರದಿಂದ ಮಿಶೀನಿನ್ಯಾಗ ಗಂಜಿ ಹಚ್ಚಿದ ಹಾಸೇ ಬರ್ತದ. ನೀವು ಮಗ್ಗಕ್ಕ ಏರ್ಸೂದಷ್ಟ. ಚಳ್ಯಾಗ ಎದ್ದು ಬೀದ್ಯಾಗ ನಿಲ್ಲೂದಿಲ್ಲ, ಒಬ್ರ ಕೈಕಾಲು ಹಿಡಿಯೂದಿಲ್ಲ. ನೇಯ್ರಿ, ವಾರಕ್ಕೊಮ್ಮಿ ಕೂಲಿ ತಗೊಂಡ್ ಹೋಗ್ರಿ."

"ಮಗ್ಗ?" ಎಂದ ಅಪ್ಪ.

"ಮಗ್ಗ ನನಗ ಮಾರ್ರಿ. ಕಿರಿಕಿರಿ ಎಲ್ಲಾ ನಂದು. ಎಳ್ಳಮಾವಾಸಿ ಮರುದಿನ ಬರ್ತೀನಿ. ಅವತ್ತು ಹೂಂ ಅಂದವ್ರ ಮಗ್ಗ ಬಂಡಿಗಿ ಏರಸ್ತೀನಿ, ಉಹೂಂ ಅಂದವ್ರಿಗಿ ನಮಸ್ಕಾರ."

ಅವನು ಹೋಗುವ ಮೊದಲೇ ಒಂದು ಹೂಂ ಬಂದಿತ್ತು. ವಜೀರಬಿ ಬಾಗಿಲಿನ ಪರದೆಯ ಹಿಂದೆ ನಿಂತು, ಬಾವಿಯಿಂದ ನೀರು ತರುತ್ತಿದ್ದ ನನ್ನ ಅವ್ವ ಸೋನುಬಾಯಿಯ ಹತ್ತಿರ ಹೇಳಿ ಕಳಿಸಿದಳು: ಮಗ್ಗ ಕೊಡುತ್ತೇನೆ. ಮಾರಿ ಬಂದದ್ದು ಹಿಡಿದುಕೊಂಡು ಸೊಸೆ ಕರೀಮಾ, ವರ್ಷ ತುಂಬದ ಮೊಮ್ಮಗಳು ಇಬ್ಬರನ್ನೂ ಕರೆದುಕೊಂಡು ಹೈದರಾಬಾದಿನ ತಂಗಿಯ ಮನೆ ಸೇರುತ್ತೇನೆ.

ನಾನು ಅವಳ ಮನೆಗೆ ಹೋದೆ. ಹುಟ್ಟಿದಾಗಿನಿಂದ ನೋಡಿದವಳಾದ್ದರಿಂದ ನನ್ನೆದುರು ಅವಳಿಗೆ ಪರದೆ ಇರಲಿಲ್ಲ. ಕರೀಮಾ ಮಾತ್ರ ಮಗುವನ್ನೆತ್ತಿಕೊಂಡು ಒಳಕೋಣೆಗೆ ಸರಿದಳು. ಕುಣಿಮಗ್ಗದ ಮೇಲೆ ಧೂಳು ಕೂಡದಂತೆ ಹಳೆಯ ದುಪ್ಪಟಿ ಹೊದಿಸಿದ್ದರು. ಮೂಲೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಗಂಟು.

"ಅದೇನ್ರಿ ಚಾಚಿ?"

"ಹಾಸು. ಸಲಾವುದ್ದೀನ್ ಹುಮನಾಬಾದಿಗಿ ಹೋಗೂಕಿಂತ ಮೊದಲ ಎಳಿ ಎಣಿಸಿ ಕೂಡಿಸಿಟ್ಟಾನ. ಗಂಜಿ ಹಚ್ಚಿದ್ರ ಒಂದು ತಿಂಗಳ ನೇಯ್ಗಿ ಅದ. ನೇಯೂದು ನನಗೂ ಬರ್ತದ, ಕರೀಮಾಗೂ ಬರ್ತದ. ಬೀದ್ಯಾಗ ಹಾಸು ಹಾಕೂದು ನಮ್ಮ ಕೈಲಿ ಆಗೂದಿಲ್ಲಲ್ಲ."

"ಓಣಿಯವ್ರಿಗಿ ಕೇಳೂಣು."

"ಯಾವ ಬಾಯಿಲೆ ಕೇಳ್ಲಿ ಬೇಟಾ? ನಮ್ಮ ಮನ್ಯಾಗ ಆಳಿಲ್ಲ. ತಿರುಗಿ ಕೊಡಲಾರದ್ದು ನಾ ಇಸಗೊಳ್ಳೂದಿಲ್ಲ. ಅದು ಭಿಕ್ಷಾ ಆಗ್ತದ."

ಮನೆಗೆ ಬಂದು ಅಪ್ಪನೊಡನೆ ಜಗಳ ತೆಗೆದೆ. ಅಪ್ಪ ಲಾಳಿಗೆ ನೂಲಿನ ಕಂಡಿಕೆ ಸೇರಿಸುತ್ತಿದ್ದ.

"ಆಳಿಗೆ ಆಳು ಅನ್ನೂದು ನ್ಯಾಯ ಅಲ್ಲ ಅಪ್ಪಾ, ಬರೇ ವ್ಯಾಪಾರ. ಕೊಟ್ರ ಕೊಡ್ತೀನಿ ಅನ್ನೂದು. ಬಂಡೆಪ್ಪನ ಅಂಗಡ್ಯಾಗೂ ಇದೇ ನಡೀತದ. ಯಾರ ಕೈಲಿ ಏನಾಗ್ತದೋ ಅವ್ರು ಅದನ್ನ ಮಾಡಬೇಕು, ಯಾರಿಗಿ ಏನು ಬೇಕೋ ಅದು ಅವ್ರಿಗಿ ಸಿಗಬೇಕು."

ಅಪ್ಪ ಎಳೆಯನ್ನು ಲಾಳಿಯ ಕಣ್ಣಿಗೆ ಬಾಯಿಟ್ಟು ಉಸಿರೆಳೆದು ಹೊರತೆಗೆದ. "ಪುಸ್ತಕದಾಗ ಬರದಾರ?"

"ಬರದಾರ."

"ಪುಸ್ತಕ ಹಾಸಿನ ಹಗ್ಗ ಹಿಡಿಯೂದಿಲ್ಲ" ಎಂದ. ಲಾಳಿ ಕೆಳಗಿಟ್ಟು, "ನೀ ಹಿಡೀತಿಯೇನು?" ಎಂದ.

ಅಪ್ಪನ ಮಾತು ಅಷ್ಟೇ. ಆದರೆ ದಾರಿ ತೆರೆದಂತಾಯಿತು. ನಮ್ಮ ಮನೆಯ ಆಳಾಗಿ ಅಪ್ಪ ನಿಲ್ಲುತ್ತಿದ್ದ, ನಾನು ಲೆಕ್ಕಕ್ಕಿಲ್ಲದವನು. ವಜೀರಬಿಯ ಮನೆಯ ಆಳಾಗಿ ನಾನೇ ನಿಂತರೆ ಮಾತು ಮುರಿಯದೆ ಕೆಲಸವಾಗುತ್ತದೆ. ಮರುದಿನ ಹೋಗಿ ಹೇಳಿದೆ. ಅವಳು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು.

"ನೋಡು ಬೇಟಾ, ನಿನ್ನ ಕೈ ನಮ್ಮ ಮನಿ ಕೈ ಅಂದ್ರ, ನೀ ಮಾಡಿದ ತಪ್ಪೂ ನಮ್ಮ ಮನಿ ತಪ್ಪೇ."

"ತಪ್ಪು ಯಾಕ ಮಾಡ್ಲಿ ಚಾಚಿ?"

ಅವಳು ನಗಲಿಲ್ಲ. ಬೇಡ ಎನ್ನಲೂ ಇಲ್ಲ.

ಸರದಿಯಲ್ಲಿ ಮುಂದಿದ್ದ ಹಾಸು ಜಿಜಾಬಾಯಿಯದು. ಗಂಡ ಸತ್ತ ಮೇಲೆ ಅವಳೇ ಮಗ್ಗಕ್ಕೆ ಇಳಿದಿದ್ದಳು, ಅವಳೇ ತನ್ನ ಮನೆಯ ಆಳಾಗಿ ಬೀದಿಗೆ ಬಂದು ಕುಂಚ ಹಿಡಿಯುತ್ತಿದ್ದಳು. ಗಂಡಸರ ಸಾಲಿನಲ್ಲಿ ಹೆಂಗಸು ನಿಲ್ಲಬಾರದೆನ್ನುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಬೆಳಗಿನ ಮಂಜು ಇನ್ನೂ ಕೋಟೆಗೋಡೆಗೆ ಆತುಕೊಂಡಿದ್ದ ಹೊತ್ತಿನಲ್ಲಿ ಹಾಸು ಹರವಿದ್ದಾಯಿತು. ಜಿಜಾಬಾಯಿ ಸಾಲಿನುದ್ದಕ್ಕೂ ಎಣಿಸುತ್ತ ಬಂದು ನನ್ನೆದುರು ನಿಂತಳು.

"ಇಂವಾ ಯಾರ ಮನಿ ಆಳು?"

"ವಜೀರಬಿ ಮನಿದು" ಎಂದ ಅಪ್ಪ.

ಗಂಜಿಯ ಗಡಿಗೆ ಕದಡುತ್ತಿದ್ದವನ ಕೈ ನಿಂತಿತು. ಜಿಜಾಬಾಯಿ ತಿರುಗಿ ನಡೆಯುತ್ತ ಹೇಳಿದಳು: "ಹಗ್ಗಕ್ಕ ನಿಲ್ಲಿಸ್ರಿ ಆ ಬಿ.ಎ. ಸಾಹೇಬ್ಗ. ಕುಂಚ ಮುಟ್ಟಿಸಬ್ಯಾಡ್ರಿ. ಹಗ್ಗ ಹಿಡ್ಯಾಕ ಓದು ಬೇಕಾಗಿಲ್ಲ."

ಹಾಸಿನ ಒಂದು ತುದಿ ಗೂಟಕ್ಕೆ ಗಟ್ಟಿಯಾಗಿ ಕಟ್ಟಿರುತ್ತದೆ. ಇನ್ನೊಂದು ತುದಿಯ ಹಗ್ಗ ಒಂದು ಕಂಬವನ್ನು ಸುತ್ತಿ ಒಬ್ಬನ ಕೈಯಲ್ಲಿರುತ್ತದೆ. ಗಂಜಿ ಕುಡಿದ ಎಳೆ ಒಣಗುತ್ತ ಬಿಗಿಯುತ್ತದೆ. ಅದು ಬಿಗಿದಂತೆ ಹಗ್ಗ ಹಿಡಿದವನು ಅರಿತು, ಕೂದಲಷ್ಟು ಕೂದಲಷ್ಟು ಸಡಿಲಿಸಬೇಕು. ಇದನ್ನು ನನಗೆ ಯಾರೂ ಹೇಳಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಹೇಳಬೇಕಾದೀತೆಂದು ಯಾರಿಗೂ ಹೊಳೆಯಲಿಲ್ಲ. ನಾನು ಹಗ್ಗವನ್ನು ಇದ್ದ ಶಕ್ತಿಯೆಲ್ಲ ಹಾಕಿ ಎಳೆದು ಹಿಡಿದಿದ್ದೆ. ಎದುರು ಬಾಗಿಲಿನ ಪರದೆಯ ಅಂಚಿನಲ್ಲಿ ಎರಡು ಬೆರಳು ಕಾಣುತ್ತಿದ್ದವು. ವಜೀರಬಿ ನೋಡುತ್ತಿದ್ದಾಳೆಂದು ತಿಳಿದು ಇನ್ನಷ್ಟು ಬಿಗಿ ಹಿಡಿದೆ. ಅಂಗೈ ಉರಿಯತೊಡಗಿದಾಗ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಗಂಟು ಬಿಗಿದೆ. ಒಳ್ಳೆಯ ಉಪಾಯವೆಂದುಕೊಂಡೆ. ಬಿಸಿಲು ಗೋಡೆ ದಾಟಿ ಬೀದಿಗಿಳಿಯಿತು.

ಮೊದಲು ಒಂದು ಸಣ್ಣ ಸದ್ದು, ಒಣ ಎಲೆ ಮುರಿದಂತೆ. ಆಮೇಲೆ ನಡುವಿನಲ್ಲಿ ಹತ್ತಾರು. ಆಮೇಲೆ ಎಣಿಸಲಾಗದಷ್ಟು. ಅಪ್ಪ ಕುಂಚ ಎಸೆದು ಓಡಿಬಂದು ಗಂಟು ಬಿಚ್ಚುವಷ್ಟರಲ್ಲಿ ಹಾಸಿನ ಮೂರರಲ್ಲಿ ಒಂದು ಪಾಲು ಹರಿದು ಜೋತಾಡುತ್ತಿತ್ತು.

ಯಾರೂ ನನ್ನನ್ನು ಬೈಯಲಿಲ್ಲ. ಅದೇ ಕೆಟ್ಟದಾಗಿತ್ತು. ನೂಲು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ದಿನಗಳವು. ಜಿಜಾಬಾಯಿಗೆ ಮತ್ತೊಂದು ಹಾಸಿನ ನೂಲು ಸಿಗಲು ಮೂರು ತಿಂಗಳು ಬೇಕಿತ್ತು. ಅವಳು ಹರಿದ ಎಳೆಗಳನ್ನು ಅಂಗೈಯಲ್ಲಿ ಎತ್ತಿ ನೋಡಿದಳು.

"ವಜೀರಬಿ ಮನಿ ಆಳು" ಎಂದಳು, ಯಾರಿಗೂ ಅಲ್ಲದಂತೆ. "ಛಲೋ ಕಳಿಸ್ಯಾಳ ಆಳಿಗಿ."

ಗುಂಪಿನಲ್ಲಿ ಒಬ್ಬನೆಂದ: "ಅದಕ್ಕೇ ಅನ್ನೂದು, ಆ ಮನಿ ಹೆಸರಿನ್ಯಾಗ ಯಾಕ ಬೇಕಿತ್ತು? ನಡ್ರಿ, ಎಲ್ಲಾರೂ ಬಂಡೆಪ್ಪನ ಶೆಡ್ಡಿಗೇ ಹೋಗೂಣು."

ಆಗ ಎದುರಿನ ಪರದೆ ಸರಿಯಿತು. ವಜೀರಬಿ ಕಪ್ಪು ಬುರ್ಖಾ ಹಾಕಿಕೊಂಡು ಹೊರಗೆ ಬಂದಳು. ಓಣಿ ಅವಳನ್ನು ಬೀದಿಯಲ್ಲಿ ನೋಡಿ ಒಂದೂಕಾಲು ವರ್ಷವಾಗಿತ್ತು. ಆರು ಹೆಜ್ಜೆಯ ಆ ಬೀದಿಯನ್ನು ದಾಟಿ ಹಾಸಿನ ಹತ್ತಿರ ಬಂದು, ಬಗ್ಗಿ, ಹರಿದ ತುದಿಗಳನ್ನು ಬೆರಳಿನಿಂದ ತಡವಿದಳು.

"ಕೆಟ್ಟಿಲ್ಲ. ಕೂಡ್ತಾವ" ಎಂದಳು. "ಬಾಯೀ, ನಮ್ಮ ಮನಿ ಕೈಯಿಂದ ಹರದದ. ನಮ್ಮ ಮನಿ ಕೈಯೇ ಕೂಡಸ್ತದ. ನಿಮ್ಮ ಪಡಸಾಲ್ಯಾಗ ಜಾಗಾ ಕೊಡ್ರಿ."

ಜಿಜಾಬಾಯಿ ಅವಳತ್ತ ನೋಡಲಿಲ್ಲ. ಹಾಸು ಸುತ್ತಿಕೊಳ್ಳಲು ನಮಗೆ ಕೈ ಮಾಡಿದಳು. ಆಮೇಲೆ ತನ್ನ ಬಾಗಿಲಿನ ಎರಡೂ ಕದ ತೆರೆದು ಒಳಗೆ ಹೋದಳು.

ಮೂರು ದಿನ ಹಿಡಿಯಿತು. ಆ ಮೂರು ದಿನವೂ ನಾನು ಅಲ್ಲಿದ್ದೆ. ಜಿಜಾಬಾಯಿ ನನಗೆ ಕೊಟ್ಟ ದಂಡ ಅದು. "ಓದಿದ ಕೈ ಅಲ್ಲೇನು, ಎಳಿ ಹಿಡದು ಕುಂದ್ರು. ಬಾಯಿ ತೆರೀಬ್ಯಾಡ" ಎಂದಿದ್ದಳು. ನಾನು ಹರಿದ ಎಳೆಗಳ ಗೊಂಚಲು ಹಿಡಿದು ಕೂರುತ್ತಿದ್ದೆ. ವಜೀರಬಿ ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು, ಎರಡು ತುದಿ ಸೇರಿಸಿ ಒಮ್ಮೆ ಹೊಸೆದರೆ ಎಳೆ ಒಂದಾಗುತ್ತಿತ್ತು. ಎಲ್ಲಿ ಕೂಡಿತೆಂದು ನನಗೆ ಕಾಣುತ್ತಿರಲಿಲ್ಲ. ಜಿಜಾಬಾಯಿ ಹಾಸಿನ ಆಚೆ ಮಗ್ಗುಲಲ್ಲಿ ಕೂತು ತಾನೂ ಕೂಡಿಸುತ್ತಿದ್ದಳು. ಮೊದಲ ದಿನ ಇಬ್ಬರ ನಡುವೆ ಒಂದು ಮಾತೂ ಹುಟ್ಟಲಿಲ್ಲ. ನಾನು ಮೌನದ ಜೊತೆ ಬೆಳೆದವನು; ಆದರೂ ಅಂಥ ಮೌನ ನಾನು ಕಂಡಿರಲಿಲ್ಲ. ಅದು ಖಾಲಿಯಾಗಿರಲಿಲ್ಲ, ತುಂಬಿದ ಕೊಡವನ್ನು ಇಬ್ಬರೂ ಎರಡು ಕಡೆ ಹಿಡಿದುಕೊಂಡಂತೆ ಇತ್ತು.

ಎರಡನೆಯ ದಿನ ಮಧ್ಯಾಹ್ನ ವಜೀರಬಿ ತಲೆಯೆತ್ತದೆ ಹೇಳಿದಳು.

"ನನ್ನ ಮಗ ಖಾಕಿ ತೊಟ್ಟಿದ್ದ."

ಜಿಜಾಬಾಯಿಯ ಬೆರಳು ನಿಂತವು.

"ಆ ದಿನ ಹುಲಸೂರ ದಾರಿಗಿ ಹೋಗಿದ್ದನೋ ಇಲ್ಲೋ ನನಗ ಗೊತ್ತಿಲ್ಲ. ಹೋಗಿರ್ಲಿಲ್ಲ ಅಂತ ಹೇಳಬಹುದು ನಾನು, ತಾಯಿ ಅಲ್ಲೇನು. ಖರೇ ಅಂದ್ರ, ನಾ ಅವನಿಗಿ ಕೇಳ್ಲಿಲ್ಲ. ಸಂಜೀಗಿ ಬಂದ, ಉಂಡ, ಮಲಗಿದ. ಕೇಳಬೇಕಿತ್ತು. ಹೆದ್ರಿಕಿ ಆಯ್ತು."

ಹೊರಗೆ ಯಾರದೋ ಮಗ್ಗದ ಸದ್ದು ಬರುತ್ತಿತ್ತು. ಜಿಜಾಬಾಯಿ ಎದ್ದು ಹೋಗುತ್ತಾಳೆಂದುಕೊಂಡೆ. ಅವಳು ಬೂದಿಯ ಬಟ್ಟಲನ್ನು ತನ್ನ ಕಡೆಯಿಂದ ನಡುವಿಗೆ ಸರಿಸಿದಳು.

"ದಿಲ್ಲಿ ಪಲ್ಟನ್ ಬಂದ ಮ್ಯಾಲ ಒಂದಿನ ಐದಾರು ಜನ ನನ್ನ ಬಾಗಿಲಿಗಿ ಬಂದಿದ್ರು" ಎಂದಳು. "ಊರವ್ರಲ್ಲ. ಕೈಯಾಗ ಕೊಡ್ಲಿ. 'ಅವ್ವಾ, ನಿನ್ನ ಗಂಡನ ಸೇಡು ನಾವು ತೀರಸ್ತೀವಿ. ಈ ಓಣ್ಯಾಗ ಖಾಕಿ ಹಾಕಿದ್ದು ಯಾರ ಮನಿ ಮಗ, ತೋರ್ಸು' ಅಂದ್ರು. ನಿಮ್ಮ ಪರದಿ ಅಲ್ಲಾಡಾಕತ್ತಿತ್ತು. ಗಾಳಿಗೋ, ನಿಮ್ಮ ಕೈಗೋ."

"ನನ್ನ ಕೈಗಿ" ಎಂದಳು ವಜೀರಬಿ.

"'ಈ ಓಣ್ಯಾಗ ಯಾರೂ ಇಲ್ಲ, ನೇಕಾರ್ರು ಅದೀವಿ' ಅಂದೆ. ಯಾಕ ಅಂದೆ ಅಂತ ಇವತ್ತಿಗೂ ನನಗ ಗೊತ್ತಿಲ್ಲ. ನಿಮ್ಮ ಮ್ಯಾಲಿನ ಮಾಯಾದಿಂದ ಅಲ್ಲ. ನಿಮ್ಮ ಮಾರಿ ನೋಡಿದ್ರ ನನಗ ಬೆಂಕಿ ಬೀಳ್ತಿತ್ತು. ಆದ್ರ ತೋರ್ಸಾಕ ಬೆರಳು ಮ್ಯಾಲ ಏಳ್ಲಿಲ್ಲ." ಒಂದು ಎಳೆ ಕೂಡಿಸಿ, ಎಳೆದು ಪರೀಕ್ಷಿಸಿ, ಬಿಟ್ಟಳು. "ಅವತ್ತು ಉಳಿಸಿದ್ದು ಎರಡು ದಿನಕ್ಕಷ್ಟ. ಹುಮನಾಬಾದ ದಾರ್ಯಾಗ ಹೋಗೇ ಹೋದ."

ವಜೀರಬಿ ಅಳಲಿಲ್ಲ. ಸೆರಗಿನಿಂದ ಮುಖವನ್ನೊಮ್ಮೆ ಒರೆಸಿಕೊಂಡಳು. ಕೆನ್ನೆಗೆ ಬೂದಿ ಹತ್ತಿತು. ಜಿಜಾಬಾಯಿ ಅದನ್ನು ನೋಡಿ, ನನ್ನ ಕಡೆ ತಿರುಗಿ ಗದರಿಸಿದಳು: "ಏನು ಬಾಯಿ ತೆಕ್ಕೊಂಡು ನೋಡಾಕತ್ತಿ? ಎಳಿ ಜೋತಾಡಾಕತ್ತದ, ನೆಟ್ಟಗ ಹಿಡಿ!"

ಮೂರನೆಯ ದಿನ ಅವರು ಮಾತಾಡಿದ್ದು ನೂಲಿನ ಗುಣದ ಬಗ್ಗೆ, ಕರೀಮಾಳ ಮಗುವಿನ ಹಲ್ಲಿನ ಬಗ್ಗೆ, ನನ್ನ ಅವ್ವ ಹೋಳಿಗೆಗೆ ಬೆಲ್ಲ ಕಡಿಮೆ ಹಾಕುವ ಬಗ್ಗೆ. ಕೊನೆಯ ಎಳೆ ಕೂಡಿದಾಗ ವಜೀರಬಿ ಎದ್ದು ಬುರ್ಖಾ ಹಾಕಿಕೊಂಡಳು. "ಇನ್ನ ನಮ್ಮ ಮನಿ ಬಾಕಿ ಇಲ್ಲ ಬಾಯಿ. ಬಂಡೆಪ್ಪ ಬರೂದ್ರೊಳಗ ಗಂಟು ಕಟ್ಟಬೇಕು" ಎಂದಳು.

"ಯಾವ ಗಂಟು?" ಎಂದಳು ಜಿಜಾಬಾಯಿ.

"ಹೈದರಾಬಾದಿಗಿ."

ಜಿಜಾಬಾಯಿ ನೇರ ಬೀದಿಗೆ ಬಂದಳು. ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಅದು. ಗಂಡಸರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಬಂಡೆಪ್ಪನಿಗೆ ಏನು ಹೇಳಬೇಕೆಂದು ಚರ್ಚೆ ಮಾಡುತ್ತಿದ್ದರು. ಅವಳು ಅವರ ನಡುವೆ ನಿಂತಳು.

"ಶರಣಪ್ಪಣ್ಣಾ, ವಜೀರಬಿ ಮೂರು ದಿನ ನನ್ನ ಹಾಸು ಕೂಡಸಾಕ ಕುಂತಾಳ. ಬೀದ್ಯಾಗ ನೀವು ಮೂರು ತಾಸು ನಿಲ್ತೀರಿ. ಆಕಿ ಹಾಸು ಯಾವಾಗ?"

"ಆಕಿ ಹರದಿದ್ದು ಆಕಿ ಕೂಡಸ್ಯಾಳ" ಎಂದ ಒಬ್ಬ. "ಅದಕ್ಕ ಆಳು ಅನ್ನಾಕ ಆಗ್ತದೇನು?"

"ಹರದಿದ್ದು ಬಿ.ಎ.! ಆಕಿ ಅಲ್ಲ. ಮತ್ತ ಕೇಳ್ರಿ. ನಿಮ್ಮ ಹಾಸಿನ್ಯಾಗ ಎಳಿ ಹರೀತಾವೋ ಇಲ್ಲೋ? ನಿಮ್ಮ ಹೆಂಡ್ರು ಕೂಡಸಿದ ಎಳಿ ಎರಡು ದಿನ ನಿಲ್ತದೇನು? ಆಕಿ ಕೂಡಸಿದ್ದು ಸೀರಿ ಹರದ್ರೂ ಹರಿಯೂದಿಲ್ಲ. ಬೀದ್ಯಾಗ ನಿಲ್ಲಾಕ ಬರೂದಿಲ್ಲ ಅಂದ್ರ ಪಡಸಾಲ್ಯಾಗ ಕುಂದ್ರಲಿ. ಯಾರು ಏನು ಬಲ್ಲರೋ ಅದು ಮಾಡ್ಲಿ. ಅದೂ ಆಳೇ."

"ಆಕಿ ಹಾಸು ಹಾಕಾಕ ನಿಲ್ಲಾವ್ರು ಯಾರು?"

"ನಾ ನಿಲ್ತೀನಿ" ಎಂದಳು ಜಿಜಾಬಾಯಿ.

ಅವಳ ಬಾಯಿಂದ ಆ ಮಾತು ಬಂದ ಮೇಲೆ ಕಟ್ಟೆಯ ಮೇಲಿದ್ದವರಿಗೆ ಹೇಳಲು ಏನೂ ಉಳಿಯಲಿಲ್ಲ. ನನ್ನ ಟ್ರಂಕಿನಲ್ಲಿದ್ದ ಪುಸ್ತಕಗಳು ನೂರು ಪುಟ ಬರೆದು ಹೇಳಿದ್ದನ್ನು ಅವಳು ಸಿಟ್ಟಿನಲ್ಲಿ ಹೇಳಿದ್ದಳು. ಅದೂ, ಬೇಡ ಎನ್ನಲು ಎಲ್ಲರಿಗಿಂತ ಹೆಚ್ಚಿನ ಹಕ್ಕಿದ್ದವಳು. ಅಪ್ಪ ಎದ್ದು ವಜೀರಬಿಯ ಬಾಗಿಲಿಗೆ ಹೋದ. ಪರದೆಯ ಹೊರಗೆ ನಿಂತು ಎಂದ: "ಭಾಭಿ, ನಾಡಿದ್ದು ಬೆಳಿಗ್ಗೆ ನಿಮ್ಮ ಹಾಸು. ಗಂಜಿ ನಮ್ಮ ಮನ್ಯಾಗ ಕುದೀತದ."

ಒಳಗೆ ಬಳೆಯ ಸದ್ದಾಯಿತು. ಆಮೇಲೆ ವಜೀರಬಿ ಕೇಳಿದಳು: "ಕರೀಮಾ ಬಂದ್ರ ನಡೀತದೇನು? ಆಕೀನೂ ನಿಲ್ತೀನಿ ಅನ್ನಾಕತ್ತಾಳ. ಗಂಡನ ಹಾಸು ಅದ."

ಅಪ್ಪನಿಗೆ ಇದು ಹೊಸದು. ಕರೀಮಾ ಆ ಮನೆಗೆ ಬಂದು ಮೂರು ವರ್ಷವಾಗಿದ್ದರೂ ಓಣಿಯ ಯಾವ ಗಂಡಸೂ ಅವಳ ನೆರಳು ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಬುರ್ಖಾ ತೊಟ್ಟು ಕುಂಚ ಎಳೆಯಲು ಆಗುವುದಿಲ್ಲ. ತೋಳು ಗಂಜಿಯಲ್ಲಿ ನೆನೆಯುತ್ತದೆ. ಅಪ್ಪ ತಲೆ ಕೆರೆದುಕೊಂಡ. ತಿರುಗಿ ನಮ್ಮನ್ನೆಲ್ಲ ಒಮ್ಮೆ ನೋಡಿದ.

"ನಡೀತದ" ಎಂದ.

ಎಳ್ಳಮಾವಾಸ್ಯೆಗೆ ಓಣಿಯ ಅರ್ಧ ಜನ ನೆಂಟರ ಹೊಲಗಳಿಗೆ ಉಣ್ಣಲು ಹೋಗಿ ಬಂದರು. ಮರುದಿನ ನಸುಕಿನಲ್ಲಿ ಅಪ್ಪ ಮನೆಮನೆಗೆ ಹೋಗಿ ಗಂಡಸರನ್ನು ಎಬ್ಬಿಸಿದ. ನಾಲ್ವರು ಓಣಿಯ ಮೂಡಣ ಬಾಯಿಗೆ, ಉಳಿದವರು ಪಡುವಣ ಬಾಯಿಗೆ. ಎಲ್ಲರೂ ಕಂಬಳಿ ಹೊದ್ದು, ಓಣಿಗೆ ಬೆನ್ನು ಮಾಡಿ, ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬೇಕು. ಹಾಸು ಒಣಗುವ ತನಕ ಯಾರೂ ತಿರುಗಬಾರದು, ಯಾರನ್ನೂ ಒಳಗೆ ಬಿಡಬಾರದು. ಬೀದಿಯಲ್ಲಿ ಜಿಜಾಬಾಯಿ, ನನ್ನ ಅವ್ವ, ಆಚೆ ಮನೆಯ ಕಮಳಾಬಾಯಿ, ಮತ್ತೆ ಮೂರು ಮನೆಯ ಹೆಂಗಸರು, ವಜೀರಬಿ, ಕರೀಮಾ. ಎಂಟು. ಜಿಜಾಬಾಯಿ ಒಬ್ಬಳನ್ನು ಬಿಟ್ಟರೆ ಅವರಲ್ಲಿ ಯಾರೂ ಕುಂಚ ಹಿಡಿದವರಲ್ಲ. ಆದರೆ ಹುಟ್ಟಿದಾಗಿನಿಂದ ಬಾಗಿಲಲ್ಲಿ ನಿಂತು ನೋಡಿದವರು.

ನಾನು ಪಡುವಣ ಬಾಯಿಯಲ್ಲಿ ಅಪ್ಪನ ಪಕ್ಕ ನಿಂತಿದ್ದೆ. ಏನೂ ಕಾಣುತ್ತಿರಲಿಲ್ಲ, ಎಲ್ಲ ಕೇಳುತ್ತಿತ್ತು. ಬಳೆಗಳ ಸದ್ದು. ಗಡಿಗೆಯಲ್ಲಿ ಗಂಜಿ ಕದಡುವ ಸದ್ದು. ಆಮೇಲೆ ಕುಂಚಗಳು, ಮೊದಲು ಹೆದರುತ್ತ, ತಡವರಿಸುತ್ತ. ಸ್ವಲ್ಪ ಹೊತ್ತಿಗೆ ಒಂದೇ ಲಯದಲ್ಲಿ. ಜಿಜಾಬಾಯಿಯ ಬೈಗುಳ ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು.

"ಸೋನುಬಾಯಿ, ಹಿಟ್ಟು ಕಲಸಾಕತ್ತೀಯೋ ಕುಂಚ ಎಳ್ಯಾಕತ್ತೀಯೋ? ಕಮಳೀ, ಅಲ್ಲಿ ಒಣಗಾಕತ್ತದ ನೋಡು, ಓಡು!"

ಬಿಸಿಲು ನಮ್ಮ ಕಾಲಿಗೆ ಬರುವ ಹೊತ್ತಿಗೆ ಬಂಡಿಯ ಸದ್ದಾಯಿತು. ಬಂಡೆಪ್ಪ ಖಾಲಿ ಎರಡು ಬಂಡಿ ಹಿಂದಿಟ್ಟುಕೊಂಡು ಬಂದಿದ್ದ. ಐದು ಜನ ಗಂಡಸರು ಓಣಿಯ ಬಾಯಿಗೆ ಗೋಡೆಯಂತೆ ನಿಂತದ್ದು ನೋಡಿ ಅವನ ಮುಖ ಸಣ್ಣದಾಯಿತು.

"ಏನ್ರಪ್ಪಾ, ಬಡಿದಾಟೇನು?"

"ಇಲ್ರಿ ಸಾಹುಕಾರ್ರ. ಹಾಸು ನಡದದ" ಎಂದ ಅಪ್ಪ. "ಹೆಣ್ಣಮಕ್ಕಳು ಅದಾರ. ತುಸು ಇಳೀರಿ. ನೀವೂ ಆ ಕಡಿ ಮಾರಿ ಮಾಡಿ ನಿಂದರ್ರಿ."

ಬಂಡೆಪ್ಪ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ತಮಾಷೆಯಲ್ಲವೆಂದು ತಿಳಿದು ಇಳಿದು ಬಂದು, ಧೋತರದ ಚುಂಗು ಸರಿಮಾಡಿಕೊಂಡು ನಮ್ಮ ಸಾಲಿನಲ್ಲೇ ಬೆನ್ನು ಮಾಡಿ ನಿಂತ. ಅಪ್ಪ ತನ್ನ ಕಂಬಳಿಯ ಅರ್ಧವನ್ನು ಅವನ ಹೆಗಲಿಗೆ ಎಳೆದ.

"ಎಷ್ಟು ಮಗ್ಗ ಬರ್ತಾವ?" ಎಂದು ಕೇಳಿದ ಬಂಡೆಪ್ಪ, ಮುಂದೆಯೇ ನೋಡುತ್ತ.

"ಎರಡು ಮನಿಯವ್ರು ಬರ್ತೀವಿ ಅಂದಾರ. ಅವ್ರಿಗಿ ಕೂಲೀನೇ ಛಲೋ ಅನ್ನಸ್ತದ, ಬ್ಯಾಡ ಅನ್ನಾಕ ನಾವ್ಯಾರು? ಆರು ಮಗ್ಗ ಇಲ್ಲೇ ಉಳೀತಾವ."

"ವಜೀರಬಿದು?"

"ಆರರಾಗ ಅದೂ ಒಂದು."

ಬಂಡೆಪ್ಪ ಬೇಸರದಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದ: "ಶರಣಪ್ಪಣ್ಣಾ, ಮಿಶೀನು ಒಂದು ತಾಸಿನ್ಯಾಗ ಇಂಥಾವು ಇಪ್ಪತ್ತು ಹಾಸು ಮಾಡ್ತದ. ನೀವು ಹಿಂಗ ಎಷ್ಟು ದಿನಾ ನಿಲ್ತೀರಿ?"

ನನಗೆ ಉತ್ತರ ಹೇಳಬೇಕೆನಿಸಿತು. ಮಿಶೀನನ್ನೂ ಹೀಗೆಯೇ ಎಲ್ಲರೂ ಸೇರಿ ತರಬಹುದು, ಎಲ್ಲರದೂ ಆಗಿ ಇಟ್ಟುಕೊಳ್ಳಬಹುದು ಎಂಬ ಯೋಚನೆ ಅದೇ ಕ್ಷಣ ತಲೆಗೆ ಬಂದಿತ್ತು. ಮುಂದಿನ ವರ್ಷವೆಲ್ಲ ಅದನ್ನೇ ಹೊತ್ತು ದುಬಲಗುಂಡಿಯಿಂದ ಕೊಡಂಬಲದವರೆಗೆ ನೇಕಾರರ ಮನೆ ಹುಡುಕಿ ತಿರುಗಿದೆ. ಆದರೆ ಆಗ ಅಪ್ಪ ಮಾತಾಡುತ್ತಿದ್ದ. ಅಪ್ಪ ಮಾತಾಡುವುದೇ ಅಪರೂಪ.

"ಅದು ಗೊತ್ತಿಲ್ರಿ. ಈ ಹಾಸು ಒಣಗತನಕ ಅಂತೂ ನಿಲ್ತೀವಿ. ಮುಂದಿನ ಹಾಸು ಬಂದಾಗ ಮತ್ತ ನಿಲ್ತೀವಿ."

ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ, ಓಣಿಯ ನಡುಮಧ್ಯದಿಂದ, ಒಂದು ಎಳೆಯ ದನಿ ಜೋರಾಗಿ ಕೇಳಿಸಿತು. "ಜಿಜಾ ಖಾಲಾ, ಎಲ್ಲಾರ್ಗೀ ಬೈಯಾಕತ್ತೀರಿ, ನಿಮ್ಮ ಕುಂಚೇ ಹಿಂದ ಉಳದದ! ಬ್ಯಾಗ ಬ್ಯಾಗ ಬರ್ರಿ!" ಒಂದು ಕ್ಷಣ ಎಲ್ಲ ಕುಂಚಗಳೂ ನಿಂತವು. ಆಮೇಲೆ ಎಂಟೂ ಹೆಂಗಸರು ನಕ್ಕರು; ಎಲ್ಲರಿಗಿಂತ ದೊಡ್ಡದಾಗಿ ಜಿಜಾಬಾಯಿ.

"ಅದ್ಯಾರು ಆಕಿ?" ಎಂದ ಬಂಡೆಪ್ಪ.

ಅಪ್ಪನಿಗೂ ಆ ದನಿ ಹೊಸದು, ನನಗೂ ಹೊಸದು. ಆದರೂ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

"ನಮ್ಮ ಓಣಿಯಾಕಿ" ಎಂದ ಅಪ್ಪ. ತಿರುಗಿ ನೋಡಲಿಲ್ಲ.